ಹೋಪ್‌ಫುಲಿ: ಆಸೆ ಯಾರದ್ದು?

ಹೋದ ತಿಂಗಳು ಆಫೀಸಿನಲ್ಲಿ ಎಲ್ಲರಿಗೂ ಒಂದು ಮೇಲ್ ಕಳಿಸಿದೆ: 'ಹೋಪ್‌ಫುಲಿ ದ ಸರ್ವರ್ ವಿಲ್ ಬಿ ಡೌನ್ ಟುನೈಟ್.' ರಾತ್ರಿ ಸರ್ವರ್ ನಿಲ್ಲಬಹುದು, ಕೆಲಸ ಸೇವ್ ಮಾಡಿಕೊಳ್ಳಿ ಅನ್ನೋದು ನನ್ನ ಅರ್ಥ. ಮ್ಯಾನೇಜರ್ ಓದಿ ನಕ್ಕರು. 'ಯಾಕಪ್ಪಾ, ಸರ್ವರ್ ಮೇಲೆ ಅಷ್ಟೊಂದು ಕೋಪ?'

ಅವತ್ತೇ ಈ ಪದವನ್ನು ಕೂತು ಓದಿದ್ದು. ನಮ್ಮಲ್ಲಿ ತುಂಬಾ ಜನ ಇದನ್ನು 'ಬಹುಶಃ' ಅನ್ನೋ ಅರ್ಥದಲ್ಲಿ ಬಳಸುತ್ತೇವೆ. ಅಲ್ಲೇ ಎಡವೋದು. ಸುಮ್ನೆ ಸಾಧ್ಯತೆ ಹೇಳಬೇಕಿದ್ದರೆ 'ಪ್ರಾಬಬ್ಲಿ' ಇದೆ, 'ಮೇಬಿ' ಇದೆ. 'ಹೋಪ್‌ಫುಲಿ' ಅಂದರೆ ಹಾಗೆ ಆಗಲಿ ಅಂತ ಹೇಳುವವರಿಗೆ ಆಸೆ ಇರಬೇಕು. 'ಹೋಪ್‌ಫುಲಿ ದ ಟ್ರೇನ್ ವಿಲ್ ಬಿ ಲೇಟ್' ಅಂದರೆ ರೈಲು ತಡವಾಗಲಿ ಅಂತ ನೀವು ಹಾರೈಸಿದ ಹಾಗೆ. ಆದರೆ ನೀವು ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದು, ಮೆಜೆಸ್ಟಿಕ್‌ನಿಂದ ರೈಲು ಹೊರಡೋಕೆ 20 ನಿಮಿಷ ಮಾತ್ರ ಇದ್ದರೆ? ಆಗ ಅದೇ ವಾಕ್ಯ ನೂರಕ್ಕೆ ನೂರು ಸರಿ.

ಕನ್ನಡಕ್ಕೆ ಹೇಗೆ ತರೋದು? 'ಆಶಾದಾಯಕವಾಗಿ ಬಸ್ ಬರುತ್ತದೆ' ಅಂತ ಮೆಷಿನ್ ಅನುವಾದದಲ್ಲಿ ನೋಡಿದ್ದೇನೆ. ಯಾವ ಬಸ್ ಸ್ಟಾಪಿನಲ್ಲಿ ಯಾರು ಹಾಗೆ ಮಾತಾಡುತ್ತಾರೆ? ನಾವು ಹೇಳೋದು 'ಬಸ್ ಬಂದರೆ ಸಾಕು', 'ಮಳೆ ಬರದೆ ಇದ್ದರೆ ಸಾಕಪ್ಪಾ', 'ಒಳ್ಳೆ ಮಾರ್ಕ್ಸ್ ಬರಲಿ'. ಇಂಗ್ಲಿಷಿನವರು ಆಸೆಯನ್ನು ಬಾಯಿ ತೆರೆದ ಕೂಡಲೇ ಹೇಳಿಬಿಡುತ್ತಾರೆ. ನಮ್ಮ ಆಸೆ ವಾಕ್ಯದ ಕೊನೆಯಲ್ಲಿ, ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ನಾನೀಗ ಮಾಡೋ ಪರೀಕ್ಷೆ ಇಷ್ಟೇ: ಕನ್ನಡದಲ್ಲಿ 'ಸಾಕು' ಅಥವಾ 'ಲಿ' ಬಂದರೆ ಹೋಪ್‌ಫುಲಿ, 'ಬಹುದು' ಬಂದರೆ ಬೇಡ. ಸರ್ವರ್ ನಿಲ್ಲ'ಬಹುದು' ಅಲ್ವಾ, ಅಲ್ಲಿಗೆ ನನ್ನ ಮೇಲ್ ತಪ್ಪು.

ಈ ಪದಕ್ಕೆ ಹಳೆಯ ಅರ್ಥವೂ ಒಂದಿದೆ: ಆಸೆಯಿಂದ, ಆಸೆಗಣ್ಣಿನಿಂದ. 'ಶೀ ವೇಟೆಡ್ ಹೋಪ್‌ಫುಲಿ' ಅಂದರೆ ಅವಳು ಆಸೆಯಿಂದ ಕಾದಳು. ಇಲ್ಲಿ ಆಸೆ ಅವಳದ್ದು. 'ಹೋಪ್‌ಫುಲಿ, ಶೀ ವೇಟೆಡ್' ಅಂದರೆ ಕಾದಿದ್ದರೆ ಸಾಕು. ಆಸೆ ನನ್ನದು, ಅವಳು ಕಾದಳೋ ಇಲ್ಲವೋ ನನಗೆ ಗೊತ್ತಿಲ್ಲ. ಪದ ಜಾಗ ಬದಲಿಸಿತು, ಒಂದು ಕಾಮಾ ಬಂತು, ಆಸೆ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು.

ಈ ಎರಡನೇ ಬಳಕೆ ಮೇಲೆ ಅಮೆರಿಕದಲ್ಲಿ 1960ರ ದಶಕದಿಂದ ದೊಡ್ಡ ಜಗಳವೇ ನಡೆದಿದೆ. 'ಹೋಪ್‌ಫುಲಿ, ಇಟ್ ವಿಲ್ ರೇನ್' ಅಂದರೆ ಮಳೆಗೆ ಆಸೆಯಾ ಅಂತ ಶುದ್ಧ ಭಾಷೆಯವರ ಪ್ರಶ್ನೆ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಬರವಣಿಗೆ ಕೈಪಿಡಿಯಲ್ಲಿ ಇದನ್ನು ಒಪ್ಪಿಕೊಂಡಿದ್ದು 2012ರಲ್ಲಿ. ನನಗಂತೂ ಈ ಜಗಳ ಸ್ವಲ್ಪ ಅತಿ ಅನ್ನಿಸಿತು. 'ಫ್ರ್ಯಾಂಕ್ಲಿ', 'ಲಕಿಲಿ' ಕೂಡ ಇದೇ ಕೆಲಸ ಮಾಡುತ್ತವೆ, ಅವನ್ನು ಯಾರೂ ಅಷ್ಟು ಕಾಡಲಿಲ್ಲ. ನಮ್ಮ ಮಾತು ನೋಡಿ. 'ಸದ್ಯ, ಬಸ್ ಸಿಕ್ಕಿತು' ಅನ್ನುತ್ತೇವೆ. 'ಪಾಪ, ಅವರಿಗೆ ರಜೆ ಸಿಗಲಿಲ್ಲ' ಅನ್ನುತ್ತೇವೆ. ಪಾಪ ಯಾರು ಮಾಡಿದ್ದು ಅಂತ ಯಾರಾದರೂ ಕೇಳುತ್ತಾರಾ? ಮಾತಾಡುವವರ ಮನಸ್ಸನ್ನು ವಾಕ್ಯದ ಬಾಗಿಲಲ್ಲೇ ಕೂರಿಸೋದು ನಮಗೂ ರೂಢಿಯೇ. ಆಸೆಗೆ ಮಾತ್ರ ಅಂಥ ಒಂದೇ ಪದ ಇಲ್ಲ, ಅದಕ್ಕೇ ಹೋಪ್‌ಫುಲಿ ಬಂದಾಗ ತಡವರಿಸುತ್ತೇವೆ.

ಇದು ಮುಂದಾಗೋದಕ್ಕೆ ಮಾತ್ರ ಅಂದುಕೊಳ್ಳಬೇಡಿ. 'ಹೋಪ್‌ಫುಲಿ ಹೀ ಹ್ಯಾಸ್ ರೀಚ್ಡ್' ಸರಿಯೇ, ಅಷ್ಟೊತ್ತಿಗೆ ಮನೆ ಮುಟ್ಟಿದ್ದರೆ ಸಾಕು ಅಂತ. ನಡೆದೇ ಹೋದದ್ದು, ನಮಗೆ ಗೊತ್ತಿರೋದು ಆದರೆ ಹೊಂದೋದಿಲ್ಲ. ಅಲ್ಲಿಗೆ 'ಥ್ಯಾಂಕ್‌ಫುಲಿ', ಅಂದರೆ ನಮ್ಮ 'ಸದ್ಯ'.

ನಿಮ್ಮ ಕೈಯಲ್ಲೇ ಇರೋ ಕೆಲಸಕ್ಕೆ ಹಾಕುವಾಗಲೂ ಹುಷಾರು. 'ಹೋಪ್‌ಫುಲಿ ಐ ವಿಲ್ ಸೆಂಡ್ ಇಟ್ ಬೈ ಈವನಿಂಗ್' ಅಂತ ನಾವು ವಿನಯಕ್ಕೆ ಬರೆಯುತ್ತೇವೆ. ಓದುವವರಿಗೆ ಅದು 'ಕಳಿಸಿದರೆ ಕಳಿಸಿದೆ' ಅಂತ ಕೇಳುತ್ತದೆ. ಸರ್ವರ್ ಮೇಲ್ ಆದ ಮೇಲೆ ನಾನು ಅಂಥ ಕಡೆ 'ಐ ವಿಲ್' ಅಂತಷ್ಟೇ ಬರೆದು, ಸಂಜೆ ಆರರ ಒಳಗೆ ಕಳಿಸಲು ಒದ್ದಾಡುತ್ತೇನೆ.