ತುತ್ತು ಅನ್ನ ಹಾಕಿದರೆ ಸಾಕಾ?

ತುತ್ತು ಅನ್ನ ಹಾಕಿದರೆ ನಾಯಿ ಸಾಯೋ ತನಕ ನಿಯತ್ತಾಗಿರುತ್ತೆ ಅಂತ ನಾವೆಲ್ಲ ನಂಬಿದ್ದೇವೆ. ತಪ್ಪು ಮಾಡಿದರೆ ಅದಕ್ಕೇ ಗೊತ್ತಾಗುತ್ತೆ, ಮುಖ ನೋಡಿದರೆ ಸಾಕು ಅಂತಲೂ ಹೇಳುತ್ತೇವೆ. ಇವೆರಡನ್ನೂ ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದ್ದಾರೆ.

ಮೊದಲು ಆ ಮುಖದ ವಿಷಯ. ಚಪ್ಪಲಿ ಕಚ್ಚಿ ಹಾಕಿದ ನಾಯಿ ಕಿವಿ ಮಡಚಿ, ಬಾಲ ಮುದುರಿ, ಕಣ್ಣು ತಪ್ಪಿಸುತ್ತೆ ಅಲ್ವಾ? ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. 'ತಿನ್ನಬೇಡ' ಅಂತ ಹೇಳಿ, ತಿಂಡಿಯನ್ನು ಅಲ್ಲೇ ಬಿಟ್ಟು ಯಜಮಾನರು ಹೊರಗೆ ಹೋಗುತ್ತಿದ್ದರು. ವಾಪಸ್ ಬಂದವರಿಗೆ ಕೆಲವು ಸಲ ಬೇಕಂತಲೇ ಸುಳ್ಳು ಹೇಳಲಾಯಿತು. ಹಾಗಾಗಿ ಮಾತು ಕೇಳಿದ ನಾಯಿಗೂ ಬೈಗುಳ ಬಿತ್ತು. 'ತಪ್ಪು ಮಾಡಿದ ಮುಖ' ಜಾಸ್ತಿ ಕಂಡದ್ದು ಬೈದಾಗಲೇ. ತಿಂಡಿ ತಿಂದಿತ್ತೋ ಇಲ್ಲವೋ ಅನ್ನೋದರಿಂದ ವ್ಯತ್ಯಾಸವಾಗಲಿಲ್ಲ. ಪಶ್ಚಾತ್ತಾಪ ಅಂತ ನಾವು ಓದುವುದು ನಮ್ಮದೇ ಸಿಟ್ಟಿಗೆ ನಾಯಿ ಕೊಡುವ ಉತ್ತರ.

ಇದು ಸಾಕುನಾಯಿಗಳ ಕಥೆ. ಬೆಂಗಳೂರಿನಲ್ಲಿ ಬೇಕರಿ ಮುಂದೆ, ಪಾರ್ಕ್ ಗೇಟಿನಲ್ಲಿ ದಿನವೂ ಎದುರಾಗುವ ನಾಯಿಗಳದ್ದು ಬೇರೆ ಬದುಕು. 2023ರ ಬಿಬಿಎಂಪಿ ಸಮೀಕ್ಷೆ ಪ್ರಕಾರ ನಗರದಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಪ್ರಪಂಚದ ಬಹುಪಾಲು ನಾಯಿಗಳೂ ಹೀಗೆ ಬಿಡುಬೀಸಾಗಿ ಓಡಾಡುವಂಥವೇ. ಆದರೂ ಸೋಫಾ ಮೇಲೆ ಮಲಗುವ ನಾಯಿಯನ್ನೇ ಅಳತೆಗೋಲು ಮಾಡಿಕೊಂಡಿದ್ದೇವೆ. ಇದು ನನಗೆ ಸರಿ ಅನ್ನಿಸುವುದಿಲ್ಲ.

ಅದಕ್ಕೇ ಕೋಲ್ಕತ್ತದ ವಿಜ್ಞಾನ ಸಂಶೋಧನಾ ಸಂಸ್ಥೆ ಐಸರ್‌ನಲ್ಲಿ ಅನಿಂದಿತಾ ಭದ್ರ ಮತ್ತು ತಂಡದವರು ಬೀದಿನಾಯಿಗಳ ಮೇಲೆ ಮಾಡಿದ ಕೆಲಸ ನನಗೆ ತುಂಬಾ ಮುಖ್ಯ. ಅಪರಿಚಿತರು ಕೈಯಲ್ಲಿ ತಿಂಡಿ ಹಿಡಿದರೆ ಅವು ಹಿಂದೇಟು ಹಾಕುತ್ತವೆ. ಒಂದಿಷ್ಟು ನಾಯಿಗಳಿಗೆ ಮತ್ತೆ ಮತ್ತೆ ತಿಂಡಿ ಕೊಟ್ಟರು, ಇನ್ನೊಂದಿಷ್ಟರ ತಲೆ ಸವರಿದರು. ನಂಬಿಕೆ ಚೆನ್ನಾಗಿ ಬೆಳೆದದ್ದು ತಲೆ ಸವರಿಸಿಕೊಂಡ ನಾಯಿಗಳಲ್ಲಿ! 2017ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಅನ್ನದ ಋಣದ ಮಾತು ಇಲ್ಲಿ ಸ್ವಲ್ಪ ಅಲ್ಲಾಡುತ್ತೆ.

2020ರಲ್ಲಿ ಅದೇ ತಂಡ ಇನ್ನೊಂದು ಪ್ರಯೋಗ ಪ್ರಕಟಿಸಿತು. ಎರಡು ಬಟ್ಟಲಿಟ್ಟು, ಒಂದರ ಕಡೆ ಬೆರಳು ತೋರಿಸಿದರು. ಹತ್ತಿರ ಬಂದ ನಾಯಿಗಳಲ್ಲಿ ಸುಮಾರು 80% ಬೆರಳು ತೋರಿಸಿದ ಕಡೆಗೇ ಹೋದವು, ಯಾವ ತರಬೇತಿಯೂ ಇಲ್ಲದೆ. ಆದರೆ ಸುಮಾರು ಅರ್ಧದಷ್ಟು ನಾಯಿಗಳು ಹತ್ತಿರವೇ ಬರಲಿಲ್ಲ. ಅವು ಅಳುಕುತ್ತಿದ್ದವು. ಹಿಂದೆ ಮನುಷ್ಯರಿಂದ ತೊಂದರೆ ಅನುಭವಿಸಿದ್ದರಿಂದ ಹಾಗಿರಬಹುದು ಅನ್ನೋದು ಸಂಶೋಧಕರ ಊಹೆ.