ಅರಾಯೊಲುಶ್ ರತ್ನಗಂಬಳಿಯ ಬೆನ್ನು ತಿರುವಿದರೆ

ಪರ್ಷಿಯಾದ ರತ್ನಗಂಬಳಿಗೆ ಮಗ್ಗ ಬೇಕು, ಎಳೆಎಳೆಗೂ ಗಂಟು ಬೇಕು. ಪೋರ್ಚುಗಲ್‌ನ ಅಲೆಂತೇಜು ಪ್ರಾಂತ್ಯದಲ್ಲಿ, ಎವೊರಾ ನಗರದ ಉತ್ತರಕ್ಕಿರುವ ಅರಾಯೊಲುಶ್ ಊರಿನ ಗಂಬಳಿಗೆ ಇವೆರಡೂ ಬೇಡ. ಮೊದಲೇ ನೇಯ್ದ ಬಟ್ಟೆ, ಮೊಂಡು ಮೂತಿಯ ಸೂಜಿ, ಉಣ್ಣೆದಾರ ಇದ್ದರಾಯಿತು. 1598ರ ಆಸ್ತಿಪಟ್ಟಿಯೊಂದರಲ್ಲೇ ಈ ಊರಿನ ಹೊಸ ಗಂಬಳಿಗೆ ಎರಡು ಸಾವಿರ ರೆಯಿಸ್ (ಆಗಿನ ಪೋರ್ಚುಗೀಸ್ ಹಣ) ಬೆಲೆ ಕಟ್ಟಲಾಗಿದೆ. ಊರಿನ ಚೌಕವನ್ನು ಅಗೆದಾಗ ಮಧ್ಯಯುಗದಲ್ಲಿ ಬಣ್ಣ ಅದ್ದಲು ತೋಡಿದ್ದ ಕುಳಿಗಳೂ ಸಿಕ್ಕಿವೆ.

ಹೊಲಿಗೆ ಓರೆ ಕತ್ತರಿಯ ಆಕಾರದ್ದು, ಒಂದು ಓರೆ ಎಳೆಯ ಮೇಲೆ ಇನ್ನೊಂದು ಅಡ್ಡ ಹಾಯುತ್ತದೆ. ಬಟ್ಟೆಯ ಎಳೆ ಎಣಿಸಿಕೊಂಡು ಸೂಜಿಯನ್ನು ಮುಂದಕ್ಕೆ 4, ಮೇಲಕ್ಕೆ 2 ಎಳೆ ದಾಟಿಸಿ ಚುಚ್ಚಬೇಕು. ಬೆನ್ನ ಕಡೆಯಿಂದ 2 ಎಳೆ ಹಿಂದಕ್ಕೆ ಬಂದು ಮೇಲೆದ್ದು, ಓರೆಯಾಗಿ ಕೆಳಕ್ಕಿಳಿದು, ಮತ್ತೆ ಬೆನ್ನಲ್ಲೇ 2 ಎಳೆ ಹಿಂದೆ ಸರಿದರೆ ಮುಂದಿನ ಹೊಲಿಗೆಗೆ ಜಾಗ ಸಿದ್ಧ. ಪ್ರತಿ ಹೊಲಿಗೆಯೂ ಹಿಂದಿನದರ ಅರ್ಧವನ್ನು ಹತ್ತಿ ಕೂರುವುದರಿಂದ ಸಾಲು ಜಡೆ ಹೆಣೆದಂತೆ ಕಾಣುತ್ತದೆ. ದಾರದ ತುದಿಗೆ ಗಂಟಿಲ್ಲ, ಅದನ್ನು ಹೊಲಿಗೆಗಳಡಿ ತೂರಿಸಿಬಿಡುತ್ತಾರೆ. ಎಳೆ ಎಣಿಸುವುದು, ಗಂಟು ಹಾಕದಿರುವುದು ನಮ್ಮ ಧಾರವಾಡದ ಕಸೂತಿಯವರಿಗೂ ಗೊತ್ತಿರುವ ಶಿಸ್ತೇ.

ಚೌಕಳಿ ಕಾಗದದ ನಕ್ಷೆಯಲ್ಲಿ ಒಂದು ಚೌಕವೆಂದರೆ ಒಂದು ಹೊಲಿಗೆ. ಮೊದಲು ಹೂಬಳ್ಳಿಯ ಅಂಚುಗೆರೆ, ಆಮೇಲೆ ಅದರ ಒಡಲು, ಕೊನೆಗೆ ಹಿನ್ನೆಲೆ. ಬೇಸರ ತರಿಸುವುದೂ, ಕೈ ಕೆಡುವುದೂ ಹಿನ್ನೆಲೆಯಲ್ಲೇ. ದಾರವನ್ನು ಬಿಗಿಯಾಗಿ ಎಳೆದರೆ ಓರೆ ಹೊಲಿಗೆ ಬಟ್ಟೆಯನ್ನು ಒಂದು ಪಕ್ಕಕ್ಕೆ ಸೆಳೆದು ಆಯತ ವಾಲುತ್ತದೆ. ಆಗ ಬೆನ್ನಿಗೆ ನೀರು ಚಿಮುಕಿಸಿ, ಹಲಗೆಗೆ ಮೊಳೆ ಹೊಡೆದು, ಮೂಲೆಮಟ್ಟ ನೋಡಿ ಎಳೆದು ಒಣಗಿಸಬೇಕು. ಉದ್ದದ ದಾರ ತೆಗೆದುಕೊಂಡರೆ ಬಟ್ಟೆಯ ಕಣ್ಣುಗಳಿಗೆ ಉಜ್ಜಿ ಉಣ್ಣೆ ಸವೆದು, ಸಾಲಿನ ಕೊನೆಗೆ ತೆಳ್ಳಗಾಗುತ್ತದೆ. ಬೇರೆ ಬೇರೆ ಸಲ ಬಣ್ಣ ಹಾಕಿದ ಉಣ್ಣೆ ಬೆರೆತರಂತೂ ಹಿನ್ನೆಲೆಯಲ್ಲಿ ಪಟ್ಟೆ ಎದ್ದು ಕಾಣುತ್ತದೆ, ಅದಕ್ಕೆ ಬಿಚ್ಚುವುದೊಂದೇ ದಾರಿ.

ಹಳೆಯ ಗಂಬಳಿಗಳಲ್ಲಿ ಎಲೆಗಳು ನೀಲಿಯಾಗಿ ಕಂಡರೆ ಕುಶಲಕರ್ಮಿಯ ಹುಚ್ಚಾಟವೆಂದುಕೊಳ್ಳಬೇಡಿ. ಹಸಿರಿಗೆ ಒಂದೇ ಸಸ್ಯ ಸಾಲದು. ನೀಲಿಯಲ್ಲಿ ಅದ್ದಿದ ಉಣ್ಣೆಗೆ ವೆಲ್ಡ್ ಗಿಡದ ಇಲ್ಲವೇ ಅಲ್ಲಿಯ ಟ್ರೊವಿಸ್ಕು ಪೊದೆಯ ಹಳದಿ ಬಣ್ಣ ಸೇರಬೇಕು. ಹಳದಿ ಕೊಡುವ ಲೂಟಿಯೋಲಿನ್ ಎಂಬ ಬಣ್ಣದ ವಸ್ತು ಬೆಳಕಿಗೆ ಬೇಗ ಮುರಿಯುತ್ತದೆ, ನೀಲಿಯ ಇಂಡಿಗೊ ತಡೆದುಕೊಳ್ಳುತ್ತದೆ. ಬ್ರೆಜಿಲ್ ಮರದ ಕೆಂಪು ಇನ್ನೂ ಅಳ್ಳಕ, ಬಿಸಿಲಿಗೆ ಮಾಸಿ ಕಂದಾಗುತ್ತದೆ. ಆ ಕೆಂಪಿನ ಮೂಲವಸ್ತು ಬ್ರೆಜಿಲಿನ್, ನಮ್ಮ ಸಪ್ಪಂಗ ಮರದಲ್ಲಿರುವುದೂ ಇದೇ. ಕಬ್ಬಿಣದ ಉಪ್ಪು, ಟ್ಯಾನಿನ್ (ಗಿಡಮರಗಳ ಒಗರು ಸಾರ) ಸೇರಿಸಿ ಮಾಡಿದ ಗಾಢ ಕಂದಿನದು ಬೇರೆ ಕಾಯಿಲೆ: ಬಣ್ಣ ಉಳಿಯುತ್ತದೆ, ಉಣ್ಣೆಯೇ ಪುಡಿಯಾಗುತ್ತದೆ. ಕಬ್ಬಿಣವು ನಾರಿನ ಉತ್ಕರ್ಷಣೆಗೆ ವೇಗ ಕೊಡುವುದೇ ಕಾರಣ. ಹೀಗಾಗಿ ಗಾಢ ಗೆರೆ ಇದ್ದ ಕಡೆ ಬರೀ ಬಟ್ಟೆ ಕಾಣುವುದುಂಟು.

ಆ ಬಟ್ಟೆಯೂ ಸುಳಿವು ಕೊಡುತ್ತದೆ. ಪುರಾತನ ಗಂಬಳಿಗಳಲ್ಲಿ ಅಗಸೆ ನಾರಿನ ಲಿನನ್ ಇರುತ್ತಿತ್ತು, ಸೆಣಬು ಬಂದದ್ದು ಆಮೇಲೆ. ಸೆಣಬಿನಲ್ಲಿ ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಹೆಚ್ಚು. ಬೆಳಕಿಗೆ ಅದು ಕಂದು ತಿರುಗಿ, ಗರಿಗರಿಯಾಗಿ ಮುರಿಯುತ್ತದೆ. ಬಟ್ಟೆ ತಿನ್ನುವ ನುಸಿಯ (ಪತಂಗದ) ಮರಿಹುಳುವಿಗಾದರೋ ಉಣ್ಣೆಯ ಕೆರಾಟಿನ್ ಎಂಬ ಪ್ರೋಟೀನ್ ಮಾತ್ರ ಬೇಕು, ಅದು ಲಿನನ್ ಬಿಟ್ಟು ಚಿತ್ರವನ್ನಷ್ಟೇ ಮೇಯುತ್ತದೆ. ದುರಸ್ತಿಗೆ ಕೂರುವ ಮುನ್ನ ಪ್ರತಿ ಬಣ್ಣದ ಮೇಲೂ ಒದ್ದೆ ಹತ್ತಿ ಒತ್ತಿ, ಬಣ್ಣ ಇಳಿಯುತ್ತದೆಯೇ ನೋಡಬೇಕು. ಇಳಿದರೆ ನೀರಿಗೆ ಹಾಕುವಂತಿಲ್ಲ. ಮೇಲೆ ಬಲೆ ಹರಡಿ, ಕಡಿಮೆ ಸೆಳೆತದ ವ್ಯಾಕ್ಯೂಮ್‌ನಲ್ಲಿ ಬೆನ್ನಿನಿಂದ ಮೊದಲ್ಗೊಂಡು ಧೂಳು ತೆಗೆಯಬೇಕು.