ಮುಚ್ಚಿಟ್ಟ ಮಗುವಿನ ಗುಟ್ಟು ನಾಯಕನಿಗೆ ಯಾವಾಗ ತಿಳಿಯಬೇಕು?

ಪ್ರಶ್ನೆ: ಬೇರೆಯಾದ ಜೋಡಿಯೊಂದು ಐದು ವರ್ಷದ ಮೇಲೆ ಮತ್ತೆ ಸೇರುವ ಪ್ರೇಮಕಥೆ ಬರೆಯುತ್ತಿದ್ದೇನೆ. ತನಗೊಬ್ಬ ಮಗಳಿದ್ದಾಳೆಂದು ನಾಯಕನಿಗೆ ಗೊತ್ತಿಲ್ಲ. ಕೊನೆಯ ಅಧ್ಯಾಯದವರೆಗೂ ಆ ಗುಟ್ಟು ಬಿಟ್ಟುಕೊಟ್ಟಿಲ್ಲ. ನಾಯಕನ ಅಪ್ಪ ಮಾಡಿದ ಹಣದ ವಂಚನೆ ಬಯಲಾಗುವ ಮನೆತನದ ಹಗರಣವೂ ಕಥೆಯಲ್ಲಿದೆ. ಆದರೆ ಓದಿದವರೆಲ್ಲ ನಾಯಕಿಯ ಮೇಲೆ ಸಿಟ್ಟಾಗುತ್ತಾರೆ. ಎಲ್ಲಿ ಎಡವಿದ್ದೇನೆ?

ಉತ್ತರ: ಗುಟ್ಟನ್ನು ಕೊನೆಯವರೆಗೆ ಎಳೆದದ್ದರಲ್ಲಿ. ಇಂಥ ಕಥೆಯಲ್ಲಿ ಮಗು ಯಾರದೆಂದು ಓದುಗರು ಮೂರನೇ ಅಧ್ಯಾಯಕ್ಕೇ ಊಹಿಸಿರುತ್ತಾರೆ. ಅವರು ಕಾಯುವುದು ಅವನಿಗೆ ತಿಳಿದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ. ಕೊನೆಯಲ್ಲಿ ತಿಳಿದರೆ ಅವನ ಕೋಪಕ್ಕೂ ಅವಳ ಪಶ್ಚಾತ್ತಾಪಕ್ಕೂ ಪುಟಗಳೇ ಉಳಿಯುವುದಿಲ್ಲ. ಐದು ವರ್ಷದ ನಷ್ಟ ಒಂದು ಅಪ್ಪುಗೆಯಲ್ಲಿ ತೀರಿಹೋಯಿತು ಎಂದರೆ ಯಾರೂ ಒಪ್ಪುವುದಿಲ್ಲ.

ಮೂವತ್ತು ಅಧ್ಯಾಯದ ಕಾದಂಬರಿಯಾದರೆ ಅವನಿಗೆ ಅನುಮಾನ ಹತ್ತನೆಯದರ ಹೊತ್ತಿಗೆ ಬರಲಿ, ಸತ್ಯ ಹದಿನೈದು ಹದಿನಾರರಲ್ಲಿ ತಿಳಿಯಲಿ. ಮನೆತನದ ಹಗರಣ ಇಪ್ಪತ್ತೆರಡರ ಆಸುಪಾಸು ಬಯಲಾಗಲಿ. ಮಗುವಿಗೆ ಅಪ್ಪ ಯಾರೆಂದು ಗೊತ್ತಾಗುವುದು ಅದಕ್ಕೂ ಆಮೇಲೆ. ಕಾಳಿದಾಸನ ಶಾಕುಂತಲದ ಅಂಕಗಳನ್ನೇ ಎಣಿಸಿ ನೋಡಿ. ಇರುವುದು ಏಳು. ದುಷ್ಯಂತ ಗರ್ಭಿಣಿ ಶಕುಂತಲೆಯನ್ನು ನಿರಾಕರಿಸುವುದು ಐದರಲ್ಲಿ. ಉಂಗುರ ಸಿಕ್ಕಿ ನೆನಪು ಮರಳಿದ ಮೇಲೆ ಆರನೆಯ ಅಂಕ ಅವನ ಸಂಕಟಕ್ಕೇ ಮೀಸಲು. ಏಳರಲ್ಲಿ ಸಿಂಹದ ಮರಿಯ ಹಲ್ಲೆಣಿಸಲು ಹೊರಟ ಹುಡುಗನ ಮೇಲೆ ಅವನಿಗೆ ಮಮತೆ ಉಕ್ಕುತ್ತದೆ, ತನ್ನ ಮಗನೆಂದು ತಿಳಿಯುವುದು ಆಮೇಲೆ. ಈ ಅನುಕ್ರಮ ಅಮೂಲ್ಯವಾದದ್ದು. ಮೊದಲು ಮಗುವನ್ನು ಮಗುವಾಗಿಯೇ ಮೆಚ್ಚಿದವನು ಆಮೇಲೆ ಹಕ್ಕು ಕೇಳಿದರೆ ಓದುಗರು ಅವನ ಪಕ್ಕ ನಿಲ್ಲುತ್ತಾರೆ.

ಇನ್ನು ನಾಯಕಿಯ ಮೇಲಿನ ಸಿಟ್ಟು. ಅವಳು ಹೇಳದೆ ಇದ್ದುದಕ್ಕೆ ಕಾರಣವನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. "ಅವನಿಗೆ ಬೇರೆ ಮದುವೆ ನಿಶ್ಚಯವಾಗಿದೆ ಎಂದು ನಂಬಿದ್ದಳು" ಎಂಬುದು ಮೊದಲ ಆರು ತಿಂಗಳಿಗೆ ಸಾಕಾಗಬಹುದು. ಎರಡನೇ ವರ್ಷಕ್ಕೆ? ಮದುವೆ ನಡೆಯಲಿಲ್ಲ ಎಂದು ತಿಳಿದ ಮೇಲೆ? ಹೆಚ್ಚಿನ ಹಸ್ತಪ್ರತಿಗಳು ಸೋಲುವುದು ಇಲ್ಲೇ. ಆರಂಭದ ಮೌನಕ್ಕೆ ಕಾರಣವಿರುತ್ತದೆ, ಮುಂದುವರಿದ ಮೌನಕ್ಕೆ ಇರುವುದಿಲ್ಲ. ಪ್ರತಿ ವರ್ಷಕ್ಕೂ ಪ್ರತ್ಯೇಕ ಕಾರಣ ಹುಡುಕಿ. ಒಂದು ಸಲವಾದರೂ ಅವಳು ಹೇಳಲು ಪ್ರಯತ್ನಿಸಿರಬೇಕು. ಬರೆದ ಪತ್ರ ಅವನ ಮನೆಯವರ ಕೈಗೆ ಸಿಕ್ಕಿ ಅಲ್ಲೇ ಉಳಿದಿದ್ದರೆ ಹಗರಣವೂ ಗುಟ್ಟೂ ಒಂದೇ ಬೇರಿನವಾಗುತ್ತವೆ. ಮಗುವಿನ ಗುಟ್ಟು ಒಂದು ಕಡೆ, ಅಪ್ಪನ ಹಣದ ವಂಚನೆ ಇನ್ನೊಂದು ಕಡೆ ಎಂದು ಎರಡು ಸ್ಫೋಟ ಇಟ್ಟರೆ ಎರಡೂ ಸಪ್ಪೆಯಾಗುತ್ತವೆ. ವಂಚನೆ ಬೇಕೇ ಬೇಕೆಂದರೆ ಪತ್ರ ಮುಚ್ಚಿಟ್ಟದ್ದು ಅದನ್ನು ಅಡಗಿಸಲೆಂದೇ ಆಗಿರಲಿ.

ಆದರೆ ತಪ್ಪನ್ನೆಲ್ಲ ಪತ್ರ ಕದ್ದವರ ತಲೆಗೆ ಕಟ್ಟಬೇಡಿ. ಮಹಾಭಾರತದ ದುಷ್ಯಂತ ಎಲ್ಲ ನೆನಪಿದ್ದೂ ಸಭೆಯಲ್ಲಿ ಶಕುಂತಲೆಯನ್ನು ಅಲ್ಲಗಳೆಯುತ್ತಾನೆ. ಕಾಳಿದಾಸ ಆ ಹೊರೆಯನ್ನು ದೂರ್ವಾಸರ ಶಾಪಕ್ಕೆ ದಾಟಿಸಿದ. ಕ್ಷಮಿಸುವುದು ಸುಲಭವಾಯಿತು, ಅಷ್ಟೇ ಮಟ್ಟಿಗೆ ರಾಜನ ಹೊಣೆಯೂ ಹಗುರವಾಯಿತು. ಈಗಿನ ಕಥೆಗೆ ಎರಡರ ನಡುವಿನ ದಾರಿ ಹೆಚ್ಚು ಒಪ್ಪುತ್ತದೆ: ಪತ್ರ ತಲುಪಲಿಲ್ಲ ಎಂದು ತಿಳಿದ ಮೇಲೂ ನಾಯಕಿ ಕೆಲವು ವಾರ ಹಿಂಜರಿಯಲಿ. ಆ ಕೆಲವು ವಾರ ಪೂರ್ತಿ ಅವಳ ತಪ್ಪು, ಅವಳು ಕ್ಷಮೆ ಕೇಳಬೇಕಾದದ್ದು ಅದಕ್ಕೆ. ಕೇಳುವಾಗ "ಆದರೆ ನೀನೂ" ಎಂದು ಸೇರಿಸದಿರಲಿ.

ಲೆಕ್ಕವನ್ನೂ ಸರಿಪಡಿಸಿಕೊಳ್ಳಿ. ಗರ್ಭ ನಿಂತ ದಿನದಿಂದ ಹೆರಿಗೆಗೆ ಸುಮಾರು 38 ವಾರ. ಬೇರೆಯಾಗುವ ಹೊತ್ತಿಗೆ ಆಗಷ್ಟೇ ಗರ್ಭ ನಿಂತಿದ್ದರೆ, ಐದು ವರ್ಷದ ಮೇಲೆ ಅವರು ಎದುರಾದಾಗ ಮಗುವಿಗೆ ನಾಲ್ಕು ವರ್ಷ ಮೂರು ತಿಂಗಳು. ಐದು ತುಂಬಿದ ಮಗಳನ್ನು ತಂದಿಟ್ಟರೆ ಓದುಗರು ಬೆರಳು ಮಡಚಿ ಎಣಿಸುತ್ತಾರೆ. ನಾಯಕನೂ ಎಣಿಸಬೇಕು. ಅವನು ಹತ್ತು ಅಧ್ಯಾಯ ಏನೂ ಲೆಕ್ಕ ಹಾಕಲಿಲ್ಲವೆಂದರೆ ಪೆದ್ದನಾಗಿ ಕಾಣುತ್ತಾನೆ. ಆದ್ದರಿಂದ ಮಗು ಅಕ್ಕನದೆಂದು ಎಲ್ಲರೂ ತಿಳಿದಿದ್ದಾರೆ ಎಂಬಂಥ ಗಟ್ಟಿ ಅಡ್ಡಗೋಡೆ ಬೇಕು. ನಾಲ್ಕರ ಪ್ರಾಯ ಕಥೆಗೆ ಅನುಕೂಲವೇ. ಮಗು ಚೆನ್ನಾಗಿ ಮಾತಾಡುತ್ತದೆ, ಮುಜುಗರದ ಪ್ರಶ್ನೆ ಕೇಳುತ್ತದೆ, ತಾನೇ ಹಳೆಯ ಕಾಗದ ಓದಿ ಸತ್ಯ ಕಂಡುಹಿಡಿಯಲಾರದು.

ರಕ್ತದ ಗುಂಪಿನಿಂದ ಗುಟ್ಟು ಬಯಲಾಗಿಸುವವರು ಬಹಳ. ನಾಯಕನದೂ ಮಗುವಿನದೂ ಒಂದೇ ಗುಂಪು ಎಂಬುದರಿಂದ ತಂದೆ ಯಾರೆಂದು ಸಾಬೀತಾಗುವುದಿಲ್ಲ, ಅದೇ ಗುಂಪಿನವರು ಲೆಕ್ಕವಿಲ್ಲದಷ್ಟು ಜನ ಇರುತ್ತಾರೆ. ಅದರಿಂದ ತಂದೆಯಲ್ಲ ಎಂದು ಹೇಳಬಹುದು ಅಷ್ಟೆ. ತೀರಾ ಅಪರೂಪದ ಅಪವಾದಗಳನ್ನು ಬಿಟ್ಟರೆ ಎಬಿ ಗುಂಪಿನವರಿಗೆ ಓ ಗುಂಪಿನ ಮಗು ಹುಟ್ಟುವುದಿಲ್ಲ. ಖಚಿತ ಉತ್ತರ ಬೇಕಾದರೆ ಡಿಎನ್‌ಎ ಪರೀಕ್ಷೆ. ಅದಕ್ಕೆ ಕೆನ್ನೆಯ ಒಳಭಾಗದಿಂದ ತೆಗೆದ ಮಾದರಿ ಸಾಕು. ಆದರೂ ವರದಿಗಿಂತ ಮೊದಲು ನಾಯಕಿಯೇ ಬಾಯಿಬಿಟ್ಟು ಹೇಳುವ ದೃಶ್ಯ ಬರೆಯಿರಿ. ಸಿಕ್ಕಿಬಿದ್ದು ಒಪ್ಪಿಕೊಂಡವಳನ್ನು ಓದುಗರು ಸುಲಭವಾಗಿ ಕ್ಷಮಿಸುವುದಿಲ್ಲ.

ತಿಳಿದ ಮೇಲಿನ ಅಧ್ಯಾಯಗಳಲ್ಲಿ ಅವನ ನಷ್ಟಕ್ಕೆ ಹೆಸರು ಕೊಡಿ: ಮೊದಲ ಹೆಜ್ಜೆ, ಮೊದಲ ಜ್ವರ, ಯಾರನ್ನೋ ನೋಡಿ ಆಡಿದ ಮೊದಲ ಮಾತು. ತಂದೆಯಾಗುವುದು, ಮತ್ತೆ ಪ್ರೇಮಿಯಾಗುವುದು, ಈ ಎರಡನ್ನೂ ಬೇರೆ ಬೇರೆ ಎಳೆಗಳಾಗಿ ನಡೆಸಿ. ಮಗಳೊಂದಿಗೆ ಅವನು ಬೇಗ ಬೆರೆಯಲಿ, ಅವಳೊಂದಿಗೆ ತಡವಾಗಿ. ಕೊನೆಗೆ ಹಸ್ತಪ್ರತಿಯಿಂದ ಮಗುವನ್ನು ಮನಸ್ಸಿನಲ್ಲೇ ತೆಗೆದು ಓದಿ. ಆಗಲೂ ಅವರಿಬ್ಬರು ಸೇರಲು ಕಾರಣ ಕಾಣದಿದ್ದರೆ, ಬೇರೆಯಾಗುವ ಮೊದಲಿನ ದಿನಗಳ ಎರಡು ಮೂರು ದೃಶ್ಯಗಳು ಇನ್ನೂ ಬರೆಯುವುದು ಬಾಕಿ ಇವೆ.